ಒರೆಗಾನ್ ಮಳೆ, ಒಣ ಲಾಗ್‌ಬುಕ್, ಒಂದು ಪ್ಲಾಸ್ಟಿಕ್ ಕಪ್ಪೆ: ನನ್ನ ಅನುಭವ

ನನ್ನ ಹವ್ಯಾಸ ಜಿಯೋಕ್ಯಾಶಿಂಗ್: ಒಬ್ಬರು ಒಂದು ಡಬ್ಬಿ (ಅದೇ ‘ಕ್ಯಾಶ್’) ಬಚ್ಚಿಟ್ಟು ಅದರ ಜಿಪಿಎಸ್ ಗುರುತನ್ನು ಆನ್‌ಲೈನ್‌ನಲ್ಲಿ ಹಾಕುತ್ತಾರೆ, ಉಳಿದವರು ಹುಡುಕಿ ಒಳಗಿನ ಲಾಗ್‌ಬುಕ್‌ನಲ್ಲಿ ಹೆಸರು ಬರೆಯುತ್ತಾರೆ. ಪೋರ್ಟ್‌ಲ್ಯಾಂಡ್ ಸುತ್ತಮುತ್ತ ಕ್ಯಾಶ್ ಇಡುವವರ ಹತ್ತಿರ ‘ಚಳಿಗಾಲ ಪೂರ್ತಿ ನನ್ನ ಲಾಗ್‌ಬುಕ್ ಒಣಗೇ ಇತ್ತು’ ಅಂತ ಹೇಳಿ ನೋಡಿ. ಮೊದಲು ನಗುತ್ತಾರೆ, ಆಮೇಲೆ ಸುಳ್ಳು ಅನ್ನುತ್ತಾರೆ. ನನಗೂ ಹಾಗೇ ಅಂದರು. ಈಗ ಪುಸ್ತಕ ಎರಡು-ಮೂರು ಮಳೆಗಾಲ ದಾಟಿ ಗರಿಗರಿಯಾಗಿಯೇ ಇದೆ. ನಕ್ಕವರಲ್ಲಿ ಕೆಲವರು ನನ್ನ ಉಪಾಯವನ್ನೇ ತಮ್ಮ ಡಬ್ಬಿಗಳಿಗೆ ಹಾಕಿಕೊಂಡಿದ್ದಾರೆ. ಅದಕ್ಕೇ ಬರೆಯುವ ಧೈರ್ಯ ಬಂದಿದ್ದು. 

ನಾನು ತೀರ್ಥಹಳ್ಳಿ ಕಡೆಯವನು. ಆಗುಂಬೆ ಮಳೆ ಕಂಡವನಿಗೆ ಇದೆಲ್ಲ ಯಾವ ಲೆಕ್ಕ ಅಂತ ಇಲ್ಲಿಗೆ ಬಂದ ಹೊಸತರಲ್ಲಿ ಕೊಚ್ಚಿಕೊಂಡಿದ್ದೆ. ಪೋರ್ಟ್‌ಲ್ಯಾಂಡಿನದು ವರ್ಷಕ್ಕೆ 90 ಸೆಂಟಿಮೀಟರ್ ಚಿಲ್ಲರೆ ಮಳೆ. ನಮ್ಮ ಕಡೆ ಜುಲೈನಲ್ಲಿ ಒಂದೆರಡು ವಾರ ಜಡಿದರೆ ಅಷ್ಟು ಆಗಿಹೋಗುತ್ತದೆ. ಆದರೆ ಇಲ್ಲಿ ಅಕ್ಟೋಬರ್‌ನಿಂದ ಮೇ ತನಕ ಬರೀ ಜಿಟಿಜಿಟಿ, ನಡುವೆ ಬಿಸಿಲಿನ ಸುಳಿವೇ ಇಲ್ಲ. ಡಬ್ಬಿಯೊಳಗೆ ಒಂದು ಸಲ ತೇವ ಹೊಕ್ಕರೆ ಬೇಸಿಗೆವರೆಗೆ ಅದು ಹೊರಬೀಳುವುದಿಲ್ಲ.

ಈ ಹವ್ಯಾಸ ಹುಟ್ಟಿದ್ದು ಕೂಡ ಇದೇ ಒದ್ದೆ ನೆಲದಲ್ಲಿ. 2000ನೇ ಇಸವಿ ಮೇ ಮೊದಲ ವಾರ ಜಿಪಿಎಸ್ ಸಿಗ್ನಲ್‌ಗೆ ಬೇಕೆಂದೇ ಬೆರೆಸುತ್ತಿದ್ದ ದೋಷವನ್ನು ಅಮೆರಿಕ ಸರ್ಕಾರ ನಿಲ್ಲಿಸಿತು. ಅದರ ಬೆನ್ನಿಗೇ ಮೇ 3ರಂದು ಡೇವ್ ಅಲ್ಮರ್ ಎಂಬಾತ ಬೀವರ್‌ಕ್ರೀಕ್ ಹತ್ತಿರ ಒಂದು ಬಕೆಟ್ ಇಟ್ಟ. ಅರ್ಧ ಮಣ್ಣಲ್ಲಿ ಹೂತ ಬಕೆಟ್ಟು, ಒಳಗಿದ್ದ ಸಾಮಾನುಗಳಲ್ಲಿ ಒಂದು ಬೀನ್ಸ್ ಡಬ್ಬಿ. ಇವತ್ತು ಅದನ್ನೇ ಸಲ್ಲಿಸಿದರೆ ಹೊಸ ಕ್ಯಾಶ್‌ಗಳನ್ನು ಪರಿಶೀಲಿಸುವ ರಿವ್ಯೂವರ್ ತಕ್ಷಣ ವಾಪಸ್ ಕಳಿಸುತ್ತಾರೆ: ಜಾಗದವರ ಒಪ್ಪಿಗೆ ಇಲ್ಲದೆ ಹೂಳುವಂತಿಲ್ಲ, ತಿನ್ನುವ ಸಾಮಾನು ಇಡುವಂತಿಲ್ಲ. ನಿಯಮ ಅಂತ ಯಾರಾದರೂ ಅತಿಯಾಗಿ ಮೂಗು ಏರಿಸಿದಾಗ ನಾನು ಈ ಕಥೆ ಹೇಳುತ್ತೇನೆ.

ಇನ್ನು ದುಡ್ಡಿನ ವಿಷಯ. ಮೊದಲ ಪ್ರಯೋಗ ಎಲ್ಲರ ಹಾಗೆ ಫಿಲ್ಮ್ ಡಬ್ಬಿ, ಖರ್ಚು ಸೊನ್ನೆ, ಫಲವೂ ಸೊನ್ನೆ. ಆಮೇಲೆ ಏಳೆಂಟು ಡಾಲರ್ ಕೊಟ್ಟು ನಾಲ್ಕು ಕಿವಿಯ ಲಾಕ್ ಡಬ್ಬಿ ತಂದೆ. ಒಳಗೆ ಜಿಪ್‌ಲಾಕ್ ಚೀಲ, ಚೀಲದೊಳಗೆ ಇನ್ನೊಂದು ಚೀಲ. ನವೆಂಬರ್ ಮುಗಿಯುವ ಹೊತ್ತಿಗೆ ಎರಡು ಚೀಲದಲ್ಲೂ ನೀರು. ಮಿಲಿಟರಿ ಸರ್‌ಪ್ಲಸ್ ಅಂಗಡಿಯ ಅಮೋ ಕ್ಯಾನ್‌ಗೆ ಇಪ್ಪತ್ತು ಡಾಲರ್ ಸುರಿದೆ. ಅದು ನಿಜಕ್ಕೂ ಗಟ್ಟಿ ಸಾಮಾನು, ಆದರೆ ವಾಕಿಂಗ್ ಹೋಗುವವರ ಪಾರ್ಕಿನಲ್ಲಿ ಮದ್ದುಗುಂಡಿನ ಪೆಟ್ಟಿಗೆ ಇಡುವುದು ಬುದ್ಧಿವಂತಿಕೆ ಅಲ್ಲ. ಬಾಂಬ್ ದಳ ಬಂದು ಕ್ಯಾಶ್ ಉಡಾಯಿಸಿದ ಘಟನೆಗಳು ಈ ಹವ್ಯಾಸದಲ್ಲಿ ಇವೆ. ಅದನ್ನು ದೂರದ ಕಾಡಿನ ಹಾದಿಗೆ ಸಾಗಿಸಿದೆ.

ಶೂ ಡಬ್ಬಗಳಿಂದ ಕೂಡಿಸಿದ ಸಿಲಿಕಾ ಜೆಲ್ ಪೊಟ್ಟಣ ಹಾಕಿದೆ, ಎರಡು ವಾರದಲ್ಲಿ ಅವೇ ನೀರು ಕುಡಿದು ಕೂತವು. ಕಾಗದಕ್ಕೆ ಮೇಣದಬತ್ತಿ ಉಜ್ಜಿದೆ. ನೀರು ನಿಲ್ಲಲಿಲ್ಲ, ನಿಜ. ಪೆನ್ನಿನ ಶಾಯಿಯೂ ನಿಲ್ಲಲಿಲ್ಲ. ಊರಿಂದ ತಂದಿದ್ದ ಕ್ಲಿಪ್ಪಿನ ಸ್ಟೀಲ್ ಊಟದ ಡಬ್ಬಿಯನ್ನೂ ಬಿಡಲಿಲ್ಲ. ಮನೆಯವಳು ‘ಅದು ಅತ್ತೆ ಕೊಟ್ಟಿದ್ದು ಕಣ್ರೀ’ ಅಂತ ಹೇಳಿದ್ದಳು. ಸ್ಟೀಲ್ ಒಳಗಡೆಯೇ ಬೆವರುತ್ತದೆ ಅನ್ನುವುದು ಗೊತ್ತಾಗುವಷ್ಟರಲ್ಲಿ ಯಾರೋ ಮಗಲ್ (ಈ ಆಟ ಗೊತ್ತಿಲ್ಲದವರಿಗೆ ನಾವು ಇಟ್ಟ ಹೆಸರು) ಡಬ್ಬಿ ಹೊತ್ತೊಯ್ದ. ಲಾಗ್ ಹಾಳೆಯನ್ನು ಮಾತ್ರ ಮಡಚಿ ಕಲ್ಲಿನಡಿ ಇಟ್ಟು ಹೋಗಿದ್ದ. ಮರ್ಯಾದಸ್ಥ ಕಳ್ಳ. ಒಟ್ಟು ಲೆಕ್ಕ ಹಾಕಿದರೆ ನೂರೈವತ್ತರಿಂದ ಇನ್ನೂರು ಡಾಲರ್ ಹೋಗಿರಬೇಕು. ಮೇಂಟೆನೆನ್ಸ್‌ಗೆ ಓಡಾಡಿದ ಪೆಟ್ರೋಲ್ ಬೇರೆ.

ಇಷ್ಟರ ನಡುವೆ ಒಂದು ಥ್ರೋಡೌನ್ ಪ್ರಸಂಗ. ಒಬ್ಬರಿಗೆ ನನ್ನ ಡಬ್ಬಿ ಸಿಗಲಿಲ್ಲ. ಡಿಎನ್‌ಎಫ್ (ಅಂದರೆ ‘ಸಿಗಲಿಲ್ಲ’ ಅನ್ನುವ ಲಾಗ್) ಹಾಕುವುದು ಬಿಟ್ಟು ಅಲ್ಲೇ ತಮ್ಮದೊಂದು ಫಿಲ್ಮ್ ಡಬ್ಬಿ ಇಟ್ಟು, ಸೈನ್ ಮಾಡಿ, ‘ಓನರ್‌ಗೆ ಸಹಾಯ ಮಾಡಿದೆ’ ಅಂತ ಫೌಂಡ್ ಹಾಕಿಕೊಂಡರು. ನನ್ನ ಡಬ್ಬಿ ಒಂದೂವರೆ ಮೀಟರ್ ಆಚೆ ಸುಖವಾಗಿತ್ತು. ಮುಂದಿನ ಒಂದು ತಿಂಗಳು ಬಂದವರೆಲ್ಲ ಆ ನೀರು ತುಂಬಿದ ಫಿಲ್ಮ್ ಡಬ್ಬಿ ಹಿಡಿದು ನನಗೆ ಮಂಗಳಾರತಿ ಎತ್ತಿದರು. ಡಿಎನ್‌ಎಫ್ ಹಾಕಿದರೆ ಯಾರ ಕಿರೀಟವೂ ಬೀಳುವುದಿಲ್ಲ ಸ್ವಾಮಿ. ನಮ್ಮಲ್ಲಿ ಓದಲು ಮಜಾ ಕೊಡುವ ಲಾಗ್‌ಗಳು ಬಹುಪಾಲು ಡಿಎನ್‌ಎಫ್‌ಗಳೇ.

ಒದ್ದೆಯಾದ ಡಬ್ಬಿಗಳನ್ನೆಲ್ಲ ಮನೆಗೆ ತಂದು ಸಿಂಕಿನಲ್ಲಿ ಮುಳುಗಿಸಿ ನೋಡಿದೆ. ಸರಿಯಾಗಿ ಮುಚ್ಚಿದರೆ ಲಾಕ್ ಡಬ್ಬಿಯೊಳಗೆ ಒಂದು ತೊಟ್ಟು ನೀರೂ ಹೋಗಲಿಲ್ಲ. ಅಂದರೆ ತೂತು ಡಬ್ಬಿಯಲ್ಲಿ ಇರಲಿಲ್ಲ, ಮುಚ್ಚುವ ಕೈಯಲ್ಲಿತ್ತು. ಚಳಿಯಲ್ಲಿ ಮರಗಟ್ಟಿದ ಬೆರಳು, ಪಕ್ಕದಲ್ಲಿ ಮಗಲ್ ಬರುವ ಗಡಿಬಿಡಿ, ಜಿಪ್‌ಲಾಕ್ ಚೀಲದ ಮೂಲೆ ಮುಚ್ಚಳದ ರಬ್ಬರಿಗೆ ಸಿಕ್ಕಿಕೊಳ್ಳುತ್ತದೆ. ಅಷ್ಟು ಸಂದು ಸಾಕು, ಜಿಟಿಜಿಟಿ ಮಳೆ ಒಳಗೆ ಸಂಸಾರ ಹೂಡುತ್ತದೆ. ಕಾಪಾಡಲಿ ಅಂತ ಇಟ್ಟ ಚೀಲವೇ ಬತ್ತಿ ಥರ ನೀರು ಎಳೆಯುತ್ತಿತ್ತು.

ಚೀಲ ಕಿತ್ತು ಬಿಸಾಕಿದೆ. ನಮ್ಮ ಹವ್ಯಾಸದವರು ಸೇರುವ ಒಂದು ಈವೆಂಟ್‌ನಲ್ಲಿ ಇದನ್ನು ಹೇಳಿದಾಗ ಸಾವಿರಾರು ಫೈಂಡ್ ಇರುವ ಹಿರಿಯರೊಬ್ಬರು ‘ಒರೆಗಾನ್‌ನಲ್ಲಿ ಚೀಲ ಇಲ್ಲದ ಲಾಗಾ?’ ಅಂತ ಕಾಫಿ ಕೆಳಗಿಟ್ಟರು. ಆದರೆ ಚೀಲ ತೆಗೆದರೂ ಜನ ಮೂರೇ ಕಿವಿ ಹಾಕಿ ಓಡುತ್ತಿದ್ದರು. ಮುಚ್ಚಳದ ಒಳಗೆ ‘ದಯವಿಟ್ಟು ಸರಿಯಾಗಿ ಮುಚ್ಚಿ’ ಅಂತ ಬರೆದೆ. ಒಬ್ಬರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಆಗ ಬಂದಿದ್ದು ಕಪ್ಪೆ. ಮಗಳ ಆಟದ ಸಾಮಾನಿನಲ್ಲಿದ್ದ ಹಸಿರು ಪ್ಲಾಸ್ಟಿಕ್ ಕಪ್ಪೆ. ಕ್ಯಾಶ್ ಪೇಜಿನಲ್ಲಿ ಬರೆದೆ: ‘ಈ ಡಬ್ಬಿಯಲ್ಲಿ ಒಂದು ಕಪ್ಪೆ ಬಾಡಿಗೆಗಿದೆ. ಅದಕ್ಕೆ ನೀರು ಅಂದರೆ ಭಯ. ಆಗುಂಬೆಯ ಮಳೆ ತಡೆಯಲಾರದೆ ಓಡಿಬಂದಿದೆ.’ ಲಾಗ್ ಹಾಳೆಯಲ್ಲಿ ಹೆಸರು, ತಾರೀಖಿನ ಪಕ್ಕ ಇನ್ನೊಂದು ಕಾಲಂ ಎಳೆದೆ: ಕಪ್ಪೆ ಹೇಗಿದೆ? ಬೆಚ್ಚಗಿದೆ, ಒದ್ದೆಯಾಗಿದೆ, ಈಜುತ್ತಿದೆ, ಮೂರರಲ್ಲಿ ಒಂದಕ್ಕೆ ಗುರುತು. ಇದರ ಕಿತಾಪತಿ ನಿಮಗೆ ಹೊಳೆದಿರಬೇಕು. ನೀವು ‘ಈಜುತ್ತಿದೆ’ ಅಂತ ಗುರುತು ಹಾಕಿದರೆ ಅದರ ಮೇಲಿನ ಸಾಲಿನಲ್ಲಿ ಯಾರ ಹೆಸರಿದೆ ಅಂತ ಎಲ್ಲರೂ ನೋಡುತ್ತಾರೆ.

ಹಿರಿಯರು ಇದನ್ನೂ ಒಪ್ಪಲಿಲ್ಲ. ಜನರನ್ನು ನಾಚಿಸುವುದು ಈ ಹವ್ಯಾಸದ ರೀತಿಯಲ್ಲ, ಮೇಲಾಗಿ ಫೋನ್ ಆಪ್ ಕಾಲದಲ್ಲಿ ಟಿಎಫ್‌ಟಿಸಿ (‘ಕ್ಯಾಶ್‌ಗೆ ಥ್ಯಾಂಕ್ಸ್’ ಅನ್ನುವುದರ ಚುಟುಕು) ಬಿಟ್ಟು ಯಾರೂ ನಾಲ್ಕು ಅಕ್ಷರ ಬರೆಯುವುದಿಲ್ಲ ಅಂದರು. ಆಗಿದ್ದೇ ಬೇರೆ. ‘ಕಪ್ಪೆ ಬೆಚ್ಚಗಿದೆ, ನಾಲ್ಕು ಬೀಗ ಹಾಕಿ ಎರಡು ಸಲ ನೋಡಿದೆ, ಮುಂದಿನವರು ಸಾಕ್ಷಿ ಹೇಳಿ’ ಅಂತ ಆನ್‌ಲೈನ್ ಲಾಗ್ ಬರತೊಡಗಿದವು. ಒಬ್ಬರು ಅದಕ್ಕೆ ಉಲ್ಲನ್ ಟೋಪಿ ಹೆಣೆದು ತಂದರು. ಟೋಪಿ ನೀರು ಹೀರುತ್ತದೆ ಅಂತ ಮೆತ್ತಗೆ ತೆಗೆದು ಮನೆಯಲ್ಲಿ ಇಟ್ಟಿದ್ದೇನೆ, ಹೇಳಬೇಡಿ. ಹುಡುಕಿದವರು ತಮಗೆ ಇಷ್ಟವಾದ ಕ್ಯಾಶ್‌ಗೆ ಕೊಡುವ ಫೇವರಿಟ್ ಪಾಯಿಂಟ್ ಅರವತ್ತರ ಹತ್ತಿರ ಇದೆ. ಹತ್ತು ಫೈಂಡ್‌ಗೆ ಒಂದೇ ಪಾಯಿಂಟ್ ಸಿಗುವುದು, ಅದನ್ನು ಒಂದು ಮಾಮೂಲಿ ಪಾರ್ಕ್ ಡಬ್ಬಿಗೆ ಕೊಟ್ಟಿದ್ದಾರೆ ಅಂದರೆ ಸುಮ್ಮನೆ ಅಲ್ಲ.

ಮೊದಲ ಎರಡು ಕಪ್ಪೆಗಳು ಸ್ವ್ಯಾಗ್, ಅಂದರೆ ಡಬ್ಬಿಯಿಂದ ಒಯ್ಯಬಹುದಾದ ಸಣ್ಣ ಸಾಮಾನು, ಅಂತ ಹೋದವು. ಈಗಿನದು ಕುಳಿತಲ್ಲಿಂದ ಏಳುವುದಿಲ್ಲ, ಅದು ಸರಿಯಾಗಿ ಕೂತರೆ ಮಾತ್ರ ಪುಸ್ತಕ ಒಳಗೆ ಕೂರುತ್ತದೆ, ಆಗ ಮಾತ್ರ ಮುಚ್ಚಳ ಹತ್ತುತ್ತದೆ. ಹೇಗೆ ಕೂರಿಸಿದೆ ಅನ್ನುವುದು ನನ್ನ ಹತ್ತಿರವೇ ಇರಲಿ. ರಬ್ಬರಿಗೆ ಸವರುವುದು ಪ್ಲಂಬರ್‌ಗಳ ಸಿಲಿಕೋನ್ ಗ್ರೀಸ್, ಆದರೆ ಅದರ ಜೊತೆ ಇನ್ನೊಂದು ಇದೆ, ಅದೂ ಗುಟ್ಟು. ಪುಸ್ತಕ ವಾಟರ್‌ಪ್ರೂಫ್ ಕಾಗದದ್ದು, ಐದಾರು ಡಾಲರ್. ಜೆಲ್ ಪೆನ್ ಬೇಡವೇ ಬೇಡ, ಗಾಲ್ಫ್ ಆಡುವವರ ಮೋಟು ಪೆನ್ಸಿಲ್ ಸಾಕು. ಎಲ್ಲ ಸೇರಿ ಹದಿನೈದು ಡಾಲರ್ ಒಳಗೆ.

ಸುಳಿವಿನಲ್ಲೂ ಒಂದು ತಮಾಷೆ ಮಾಡಿದೆ. ನಮ್ಮ ಹಿಂಟ್‌ಗಳನ್ನು ಮರೆಮಾಚುವ ಆರ್‌ಒಟಿ-13 ಎಂಬ ಅಕ್ಷರ ಬದಲಿಸುವ ಸಂಕೇತ ತಿರುಗಿಸುವುದು ಇಂಗ್ಲಿಷ್ ಅಕ್ಷರಗಳನ್ನು ಮಾತ್ರ. ಕನ್ನಡದಲ್ಲಿ ಬರೆದರೆ ಇದ್ದದ್ದು ಇದ್ದ ಹಾಗೇ ಕಾಣುತ್ತದೆ, ಆದರೂ ಇಲ್ಲಿ ಒಬ್ಬರಿಗೂ ತಿಳಿಯುವುದಿಲ್ಲ! ಇಂಗ್ಲಿಷ್ ಸುಳಿವಿನ ಕೆಳಗೆ ‘ಜರಿಗಿಡದ ಹಿಂದೆ, ಮೊಣಕಾಲೆತ್ತರ’ ಅಂತ ಕನ್ನಡದಲ್ಲಿ ಹಾಕಿದೆ. ಹಿಲ್ಸ್‌ಬರೋದ ಒಂದು ಕನ್ನಡ ಕುಟುಂಬ ಅದನ್ನು ಓದಿ ಎರಡೇ ನಿಮಿಷಕ್ಕೆ ಹುಡುಕಿ, ಕಾಲಂನಲ್ಲಿ ‘ಕಪ್ಪೆ ಊಟ ಆಯ್ತಾ ಅಂತ ಕೇಳ್ತು’ ಅಂತ ಬರೆದು ಹೋಯಿತು.

ಯಾರೂ ನೋಡದ ಹಾಗೆ ಹುಡುಕುವುದಕ್ಕೂ ಒಂದು ಮಾತು. ಕಂದು ಮೈಬಣ್ಣದವನು ಸಂಜೆ ಹೊತ್ತು ಪೊದೆಯೊಳಗೆ ಕೈ ಹಾಕಿ ನಿಂತರೆ ಇಲ್ಲಿ ಯಾರಾದರೂ ಪೊಲೀಸರಿಗೆ ಫೋನ್ ಮಾಡಿಯಾರು. ಕಿತ್ತಳೆ ಜಾಕೆಟ್ ಹಾಕಿ ಕೈಯಲ್ಲಿ ಕ್ಲಿಪ್‌ಬೋರ್ಡ್ ಹಿಡಿಯುವ ಹಳೇ ಉಪಾಯ ಚೆನ್ನಾಗಿದೆ. ನನಗೆ ಅದಕ್ಕಿಂತ ಚೆನ್ನಾಗಿ ಒದಗಿದ್ದು ಪಕ್ಕದ ಮನೆಯವರ ನಾಯಿ. ಅದೂ ಸಾಲದಿದ್ದರೆ ಫೋನ್ ತೋರಿಸಿ ಇದ್ದದ್ದು ಇದ್ದ ಹಾಗೆ ಹೇಳಿಬಿಡಿ.

ಊರಿನ ಕಡೆ ಇದನ್ನು ಮಾಡುವವರು ಕಪ್ಪು ಟೇಪ್ ಸುತ್ತುವ ಚಟ ಬಿಡಿ. ಒಳಗಿರುವುದು ಕಾಣುವ ಡಬ್ಬಿ ಇರಲಿ, ಮೇಲೆ ಇದೇನು ಅಂತ ಕನ್ನಡದಲ್ಲೇ ದೊಡ್ಡದಾಗಿ ಬರೆದಿರಿ, ಜಾಗದವರ ಒಪ್ಪಿಗೆ ಮೊದಲೇ ಕೇಳಿ. ಮುಚ್ಚಳದ ರಬ್ಬರನ್ನು ಜೂನ್ ಬರುವ ಮುಂಚೆ ಬದಲಿಸಿ. ನ್ಯಾನೊ ಅನ್ನುವ ಪುಟಾಣಿ ಡಬ್ಬಿಗಳಿಗೆ ಮಾತ್ರ ಈ ಉಪಾಯ ನಡೆಯುವುದಿಲ್ಲ, ಅಷ್ಟು ಸಣ್ಣ ಕಪ್ಪೆ ನನಗೆ ಇನ್ನೂ ಸಿಕ್ಕಿಲ್ಲ.