ಸ್ಯಾಂಡ್‌ವಿಚ್ ಈ ಸಲ ಸೋರಲಿಲ್ಲ

ಚೌತಿ ಸಂಜೆ ನಮ್ಮ ಡೊಂಬಿವಲಿ ಮನೆಗೆ 20 ಜನ ಬರುತ್ತಾರೆ. ಜಾಗ ಕಡಿಮೆ, ನಿಂತೇ ತಿನ್ನಬೇಕು. ಹೋದ ವರ್ಷ ಮಾಡಿದ ಚಟ್ನಿ ಸ್ಯಾಂಡ್‌ವಿಚ್ ಅರ್ಧ ಗಂಟೆಯಲ್ಲೇ ನೆಂದುಹೋಯಿತು. ಅತ್ತೆಯ ರೇಷ್ಮೆ ಸೀರೆ ಮೇಲೆ ಚಟ್ನಿ ಬಿತ್ತು. ತುಂಬಾ ಬೇಜಾರಾಯಿತು.

ನೀರೇ ಜಾಸ್ತಿಯಾಗಿತ್ತು. ಈ ಸಲ ಕೊತ್ತಂಬರಿ ಚಟ್ನಿಗೆ 2 ಚಮಚ ಹುರಿಗಡಲೆ ಹಾಕಿ ಗಟ್ಟಿಯಾಗಿ ರುಬ್ಬಿದೆ. ಸೌತೆಕಾಯಿ ಬಿಲ್ಲೆಗೆ ಉಪ್ಪು ಉದುರಿಸಿ, 10 ನಿಮಿಷ ಬಿಟ್ಟು, ಬಟ್ಟೆಯಲ್ಲಿ ಒತ್ತಿದೆ. ಟೊಮೆಟೊ ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯ ಬೆಣ್ಣೆ. ಎರಡೂ ಬ್ರೆಡ್‌ಗೆ ಅಂಚಿನವರೆಗೂ ಹಚ್ಚಿದರೆ ನೀರು ಸುಲಭವಾಗಿ ಒಳಗೆ ಇಳಿಯುವುದಿಲ್ಲ. ಕತ್ತರಿಸುವ ಮೊದಲು ಮೇಲೆ ತಟ್ಟೆ ಇಟ್ಟು ಸ್ವಲ್ಪ ಹೊತ್ತು ಭಾರ ಹೇರಿದೆ. ಒಂದಕ್ಕೆ 4 ತುಂಡು, ಪ್ರತಿ ತುಂಡಿಗೂ ಟೂತ್‌ಪಿಕ್. ಹಿಂಡಿದ ಒದ್ದೆ ಬಟ್ಟೆ ಮುಚ್ಚಿಡಿ, ಇಲ್ಲಾಂದ್ರೆ ಅಂಚು ಒಣಗುತ್ತದೆ.

ಅತ್ತೆ ಈ ಸಲವೂ ರೇಷ್ಮೆ ಸೀರೆಯಲ್ಲೇ ಬಂದಿದ್ದರು. ಮೂರು ತುಂಡು ತಿಂದರು.