ಮಗಳಿಗೇ ಮನೆ ಮಾರಿದೆ: ಬೆಲೆ ಎಲ್ಲಿಗೆ ನಿಲ್ಲಿಸಬೇಕು ಅನ್ನೋ ಲೆಕ್ಕ

ಮೈಸೂರಿನ ನಮ್ಮ ಮನೆಯನ್ನು 2024ರ ಕೊನೆಯಲ್ಲಿ ಮಗಳಿಗೆ ಕ್ರಯ ಮಾಡಿಕೊಟ್ಟೆ. ಪೇಟೆ ಬೆಲೆಗಿಂತ ಬಹಳ ಕಮ್ಮಿಗೆ. ಕೇಳಿದವರದ್ದೆಲ್ಲ ಒಂದೇ ಮಾತು: "ಮಗಳಿಗೆ ಯಾರಾದ್ರೂ ಮಾರ್ತಾರಾ? ದಾನಪತ್ರ ಮಾಡಿಕೊಟ್ರೆ ಮುಗೀತಲ್ಲ."

ಖರ್ಚಿನ ಮಟ್ಟಿಗೆ ಅವರ ಮಾತು ಸರಿ. ಕರ್ನಾಟಕದಲ್ಲಿ ಮಕ್ಕಳಿಗೆ ದಾನ ಕೊಟ್ಟರೆ ಸ್ಟ್ಯಾಂಪ್ ಶುಲ್ಕ ನಗರಪಾಲಿಕೆ ವ್ಯಾಪ್ತಿಯಲ್ಲೂ ಬರೀ 5,000 ರೂಪಾಯಿ. ಅದರ ಮೇಲೆ ಸೆಸ್ಸು, ಸಣ್ಣದೊಂದು ನೋಂದಣಿ ಶುಲ್ಕ, ಅಷ್ಟೇ. ಕೊಟ್ಟವರಿಗೆ ಬಂಡವಾಳ ಲಾಭದ (ಅಸಲಿಗೂ ಮಾರಿದ ಬೆಲೆಗೂ ನಡುವಿನ ಲಾಭದ) ತೆರಿಗೆಯೂ ಇಲ್ಲ. ಆದರೆ ಕೈಗೆ ದುಡ್ಡೂ ಬರೋದಿಲ್ಲ. ನಾನು ದುಡಿದದ್ದು ಖಾಸಗಿ ಕಾರ್ಖಾನೆಯಲ್ಲಿ. ಬರೋ ಪಿಂಚಣಿ ಔಷಧಿ ಅಂಗಡಿ ಬಿಲ್ಲಿಗೇ ಸಾಲದು. ಪಿಎಫ್ ಹಣ ಮಗನ ಓದು, ಮಗಳ ಮದುವೆಗೆ ಕರಗಿತ್ತು. ಮಿಕ್ಕ ಆಸ್ತಿ ಅಂದ್ರೆ ಈ ಮನೆಯೊಂದೇ. ತಿಂಗಳು ತಿಂಗಳು ಮಕ್ಕಳ ಮುಂದೆ ಕೈ ಚಾಚೋದು ನನಗೂ ಬೇಡ, ನನ್ನಾಕೆಗಂತೂ ಸುತರಾಂ ಬೇಡ.

ಸೈಟು 1991ರಲ್ಲಿ ಮುಡಾದಿಂದ ಸಿಕ್ಕಿದ್ದು. ಮನೆ ಕಟ್ಟಿಸಿದ್ದು ನನ್ನ ದುಡಿಮೆಯಲ್ಲೇ. ಸ್ವಯಾರ್ಜಿತ ಆದ್ದರಿಂದ ಯಾರಿಗೆ ಬೇಕಾದರೂ, ಎಷ್ಟಕ್ಕೆ ಬೇಕಾದರೂ ಮಾರಬಹುದಿತ್ತು. ಪಿತ್ರಾರ್ಜಿತ ಆಗಿದ್ದರೆ ಇಬ್ಬರು ಮಕ್ಕಳಿಗೂ ಹುಟ್ಟಿನಿಂದಲೇ ಪಾಲು ಇರೋದು. ಆಗ ಈ ಕಥೆಯೇ ಬೇರೆ.

ಪಕ್ಕದ ರಸ್ತೆಯಲ್ಲಿ ಮಾರಾಟವಾದ ಮನೆಗಳನ್ನು ನೋಡಿದರೆ ನಮ್ಮದಕ್ಕೆ ಸುಮಾರು 1 ಕೋಟಿ 40 ಲಕ್ಷ ಬರುತ್ತಿತ್ತು. ನೋಂದಣಿಗಾಗಿ ಸರ್ಕಾರ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಪ್ರಕಾರ 92 ಲಕ್ಷ. ಮನೆಯಲ್ಲಿ ನಾವು ಮಾತಾಡಿಕೊಂಡಿದ್ದು 70 ಲಕ್ಷ. ಮಗಳ ಕೈಲಾಗೋದು ಅಷ್ಟೇ ಅಂತ ಒಂದು ಅಂದಾಜು.

ಈ ಮೂರು ಅಂಕಿಯನ್ನು ಆಡಿಟರ್ ಮುಂದಿಟ್ಟೆ. ಅವರು 70ರ ಸುತ್ತ ಪೆನ್ನಲ್ಲಿ ಒಂದು ಸುತ್ತು ಹಾಕಿ, "ಇದರಿಂದ ನಿಮಗೂ ಲಾಭ ಇಲ್ಲ, ಅವರಿಗೂ ಅಷ್ಟಾಗಿ ಇಲ್ಲ" ಅಂದರು.

ಮಾತು ತಿಳಿದ ಮೇಲೆ ಇಷ್ಟೇನಾ ಅನ್ನಿಸಿತು. ಪತ್ರದಲ್ಲಿ 70 ಅಂತ ಬರೆದರೂ ಸ್ಟ್ಯಾಂಪ್ ಶುಲ್ಕ ಕಟ್ಟಬೇಕಾದ್ದು 92 ಲಕ್ಷದ ಮೇಲೆಯೇ. ನನ್ನ ಬಂಡವಾಳ ಲಾಭವನ್ನೂ 92ಕ್ಕೆ ಮಾರಿದ ಹಾಗೆಯೇ ಲೆಕ್ಕ ಹಾಕ್ತಾರೆ. 1961ರ ಆದಾಯ ತೆರಿಗೆ ಕಾಯ್ದೆಯ 50ಸಿ ಸೆಕ್ಷನ್ ಹೇಳಿದ್ದು ಅದನ್ನೇ. ಅಂದ್ರೆ ಕೈಗೆ ಬಾರದ 22 ಲಕ್ಷಕ್ಕೂ ನಾನು ತೆರಿಗೆ ಕಟ್ಟಬೇಕು! "ಸಂಬಂಧಿಕರ ನಡುವೆ ತೆರಿಗೆ ಇಲ್ಲ ಕಣ್ರೀ" ಅಂತ ಬಹಳ ಜನ ಧೈರ್ಯ ಹೇಳಿದ್ದರು. ಆ ವಿನಾಯಿತಿ ಇರೋದು ಕೊಳ್ಳುವವರಿಗೆ. ಕಮ್ಮಿ ಬೆಲೆಗೆ ಸಿಕ್ಕಿತು ಅಂತ ಮಗಳಿಗೆ ತೆರಿಗೆ ಬೀಳೋದಿಲ್ಲ, ನಿಜ. ಮಾರುವ ಅಪ್ಪನಿಗೆ ಅಂಥ ರಿಯಾಯಿತಿ ಏನೂ ಇಲ್ಲ.

ಒಂದು ಸಂದು ಮಾತ್ರ ಇದೆ. ಮಾರ್ಗಸೂಚಿ ಬೆಲೆ ನಾವು ಬರೆದ ಬೆಲೆಯ ಶೇ. 110 ದಾಟದಿದ್ದರೆ, ಬರೆದ ಬೆಲೆಯನ್ನೇ ಒಪ್ಪುತ್ತಾರೆ. 84 ಲಕ್ಷದ ಶೇ. 110 ಅಂದ್ರೆ 92 ಲಕ್ಷ 40 ಸಾವಿರ. ನಮ್ಮ 92 ಅದರೊಳಗೆ ಕೂತಿತು. ಹೀಗೆ ಬೆಲೆ 84ಕ್ಕೆ ನಿಂತಿತು. ಪೇಟೆ ಬೆಲೆಗೆ ಹೋಲಿಸಿದರೆ ಮಗಳಿಗೆ ಆಗಲೂ 56 ಲಕ್ಷ ಬಿಟ್ಟುಕೊಟ್ಟಂತೆಯೇ. ರಿಯಾಯಿತಿ ಕೊಡೋದಿದ್ದರೆ ಪೇಟೆ ಬೆಲೆಗೂ ಈ ಗೆರೆಗೂ ನಡುವೆ ಕೊಡಬೇಕು. ಗೆರೆಯಿಂದ ಕೆಳಗೆ ಇಳಿದರೆ ನಮ್ಮ ಕೈಯಿಂದ ತೆರಿಗೆ.

ಮನೆ 2001ಕ್ಕಿಂತ ಹಳೇದಾದ್ದರಿಂದ ಆ ವರ್ಷದ ಏಪ್ರಿಲ್ 1ರ ಬೆಲೆಯನ್ನು ಅಸಲು ಅಂತ ಹಿಡಿಯಬಹುದು. ನೋಂದಾಯಿತ ಮೌಲ್ಯಮಾಪಕರು 11 ಲಕ್ಷ ಅಂತ ವರದಿ ಕೊಟ್ಟರು. ಆ ದಿನದ ಮಾರ್ಗಸೂಚಿ ಬೆಲೆ ಗೊತ್ತಿದ್ದರೆ ಅದನ್ನು ಮೀರೋ ಹಾಗಿಲ್ಲ ಅನ್ನೋದು ನೆನಪಿರಲಿ. ಇಂಥ ಹಳೇ ಆಸ್ತಿಯನ್ನು 2024ರ ಜುಲೈ 23ರಿಂದ ಈಚೆಗೆ ಮಾರಿದವರಿಗೆ ಎರಡು ದಾರಿ: ಹಣದುಬ್ಬರಕ್ಕೆ ತಕ್ಕಂತೆ ಅಸಲನ್ನು ಏರಿಸದೆ ಶೇ. 12.5, ಇಲ್ಲವೇ ಏರಿಸಿ ಶೇ. 20. ಯಾವುದು ಕಮ್ಮಿಯೋ ಅದು. ಮೊದಲನೆಯದರಲ್ಲಿ ನನಗೆ 9 ಲಕ್ಷ 12 ಸಾವಿರ ಬಂತು. ಎರಡನೆಯದರಲ್ಲಿ, ಮಾರಿದ ವರ್ಷದ ಹಣದುಬ್ಬರ ಸೂಚ್ಯಂಕ 363 (2001ಕ್ಕೆ 100) ಹಿಡಿದು, 8 ಲಕ್ಷ 81 ಸಾವಿರ. ಆರು ತಿಂಗಳೊಳಗೆ ಸರ್ಕಾರ ಗೊತ್ತುಮಾಡಿದ ಬಾಂಡ್‌ಗೆ ಹಾಕಿದ ಮೊತ್ತಕ್ಕೆ ವಿನಾಯಿತಿ ಇದೆ ಅಂತ 25 ಲಕ್ಷ ಅದಕ್ಕೆ ಹಾಕಿದೆ. ಬಡ್ಡಿ ಕಮ್ಮಿ, ಐದು ವರ್ಷ ಮುಟ್ಟೋ ಹಾಗಿಲ್ಲ, ಆದರೆ ತೆರಿಗೆ ಅರ್ಧಕ್ಕಿಂತ ಜಾಸ್ತಿ ಇಳಿಯಿತು. 30 ಲಕ್ಷ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ. ಶೇ. 8.2ರಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಖಾತೆಗೆ ಬಂದು ಬೀಳುತ್ತೆ. ಇಷ್ಟು ಲೆಕ್ಕಾಚಾರ ಮಾಡಿದ್ದೇ ಅದಕ್ಕೆ ಅನ್ನಿ.

ಮಗಳು ಅರ್ಧಕ್ಕೂ ಹೆಚ್ಚು ಹಣಕ್ಕೆ ಗೃಹಸಾಲ ಮಾಡಿದಳು. ಅಪ್ಪನ ಮನೆಯನ್ನೇ ಕೊಳ್ಳೋಕೆ ಸಾಲ ಯಾಕೆ ಅಂತ ಬ್ಯಾಂಕಿನವರಿಗೆ ಗುಮಾನಿ. ಮುಂಗಡದಿಂದ ಹಿಡಿದು ಪ್ರತಿ ಪೈಸೆಯೂ ಬ್ಯಾಂಕ್ ಮೂಲಕವೇ ನನಗೆ ಬಂದಿದ್ದು ತೋರಿಸಿದ ಮೇಲೆ ಸುಮ್ಮನಾದರು. ಜಾಸ್ತಿ ಎಳೆದಾಡಿದ್ದು ಇನ್ನೊಂದು ವಿಷಯಕ್ಕೆ. ನಾವಿಬ್ಬರೂ ಬದುಕಿರುವ ತನಕ ಕೆಳಗಿನ ಮನೆಯಲ್ಲಿ ವಾಸಕ್ಕೆ ಹಕ್ಕು ಅಂತ ಕ್ರಯಪತ್ರದಲ್ಲೇ ಬರೆಸಬೇಕು ಅಂದುಕೊಂಡಿದ್ದೆ. ಬ್ಯಾಂಕಿನ ವಕೀಲರು ಒಪ್ಪಲಿಲ್ಲ. ಸಾಲ ಕಟ್ಟದಿದ್ದರೆ ಒಳಗೆ ನೀವಿದ್ದೀರಿ, ಮನೆ ಹರಾಜು ಹಾಕೋದು ಹೇಗೆ ಅನ್ನೋದು ಅವರ ಪ್ರಶ್ನೆ. ಅದೂ ನ್ಯಾಯವೇ. ಕೊನೆಗೆ ಆ ಮಾತನ್ನು ಮಗಳು ನಮಗೆ ಬೇರೆ ಒಪ್ಪಂದವಾಗಿ ಬರೆದುಕೊಟ್ಟಳು. ಇದು ದಾನಪತ್ರದ ಷರತ್ತಿನಷ್ಟು ಗಟ್ಟಿಯಲ್ಲ. ದಾನಪತ್ರದಲ್ಲಿ "ನೋಡಿಕೊಳ್ಳಬೇಕು" ಅಂತ ಬರೆಸಿ, ಮಕ್ಕಳು ನೋಡಿಕೊಳ್ಳದೆ ಹೋದರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಸೆಕ್ಷನ್ ಪ್ರಕಾರ ಉಪವಿಭಾಗಾಧಿಕಾರಿ ಮುಂದೆ ಹೋಗಿ ಪತ್ರ ರದ್ದು ಮಾಡಿಸಬಹುದು. ಪೂರ್ತಿ ದಾನ ಕೊಡುವವರು ಆ ಸಾಲನ್ನು ಬರೆಸದೆ ಸಹಿ ಹಾಕಲೇಬಾರದು ಅನ್ನೋದು ನನ್ನ ಅಭಿಪ್ರಾಯ, ಮಕ್ಕಳು ಎಷ್ಟೇ ಒಳ್ಳೆಯವರಿರಲಿ.

ಮಗನ ವಿಷಯ. ಅವನಿರೋದು ಪುಣೆಯಲ್ಲಿ. ಕಾನೂನಿಗೆ ಅವನ ಒಪ್ಪಿಗೆ ಬೇಕಿರಲಿಲ್ಲ, ಮನೆಗೆ ಬೇಕಿತ್ತು. ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಅಪ್ಪಾ, ಅಕ್ಕ ನಿಮ್ಮ ಜೊತೆ ಇರ್ತಾಳೆ, ಅವಳಿಗೇ ಆಗಲಿ. ಆದ್ರೆ ನಿಜವಾದ ಬೆಲೆ ಎಷ್ಟು, ಅವಳಿಗೆ ಎಷ್ಟಕ್ಕೆ ಕೊಡ್ತಿದ್ದೀರಿ, ಎರಡೂ ನನಗೆ ಹೇಳಿಬಿಡಿ" ಅಂದ. ಮೂರೂ ಅಂಕಿ ಬರೆದ ಅದೇ ಹಾಳೆಯ ಫೋಟೋ ಕಳಿಸಿದೆ. ಮಾರಿದ ಹಣದಲ್ಲಿ 20 ಲಕ್ಷ ಅವನ ಖಾತೆಗೆ ಹಾಕಿದೆ. ಅಪ್ಪ ಮಗನಿಗೆ ಕೊಟ್ಟ ಹಣಕ್ಕೆ ತೆರಿಗೆ ಇಲ್ಲ. ಸಮಪಾಲು ಆಯಿತಾ? ಇಲ್ಲ. ಅವನಿಗೂ ಗೊತ್ತು. ಕ್ರಯಪತ್ರಕ್ಕೆ ಸಾಕ್ಷಿ ಹಾಕೋಕೆ ರಜೆ ಹಾಕಿ ಬಂದ.

ರಿಜಿಸ್ಟ್ರಾರ್ ಆಫೀಸಿನ ಕೆಲಸ ಬೇಗ ಮುಗಿಯಿತು. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಮೊದಲೇ ಎಲ್ಲ ತುಂಬಿಸಿದ್ದೆವು. ಫೋಟೋ, ಹೆಬ್ಬೆಟ್ಟು, "ಹಣ ಪೂರ್ತಿ ಬಂತಾ ಯಜಮಾನ್ರೇ?" ಅನ್ನೋ ಪ್ರಶ್ನೆ. ಸ್ಟ್ಯಾಂಪ್, ಸೆಸ್ಸು, ನೋಂದಣಿ ಸೇರಿ ಶೇ. 6.6, ಅಂದ್ರೆ ಮಗಳಿಗೆ 6 ಲಕ್ಷ 7 ಸಾವಿರ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಈಗ ಮಾಡುವವರು ಶೇ. 7.6 ಹಿಡಿಯಬೇಕು.

50 ಲಕ್ಷ ಮತ್ತು ಮೇಲಿನ ವ್ಯವಹಾರ ಆದ್ದರಿಂದ ಶೇ. 1ರಷ್ಟು ಟಿಡಿಎಸ್ (ಮೂಲದಲ್ಲೇ ಮುರಿಯುವ ತೆರಿಗೆ) ಹಿಡಿದು ಕಟ್ಟೋದು ಕೊಳ್ಳುವವರ ಹೊಣೆ. ಅದೂ 84ರ ಮೇಲಲ್ಲ, 92ರ ಮೇಲೆ. ಮಗಳು ನನಗೆ ಕೊಡುವ ಹಣದಲ್ಲಿ 92,000 ಹಿಡಿದುಕೊಂಡು, "ಸಾರಿ ಅಪ್ಪಾ, ರೂಲ್ಸು" ಅಂತ ನಕ್ಕಳು. ರಿಟರ್ನ್ಸ್ ಹಾಕುವಾಗ ಅದನ್ನು ನನ್ನ ತೆರಿಗೆಗೆ ವಜಾ ಮಾಡಿಕೊಂಡೆ. ಇಲ್ಲಿ ಮಾರುವವರ ಪ್ಯಾನ್‌ಗೆ ಆಧಾರ್ ಜೋಡಿಸಿರಬೇಕು, ಇಲ್ಲದಿದ್ದರೆ ಟಿಡಿಎಸ್ ಶೇ. 20 ಆಗಿಬಿಡುತ್ತೆ.

ಖಾತೆ, ಕರೆಂಟು, ನೀರು ಎಲ್ಲ ಮಗಳ ಹೆಸರಿಗಾಯಿತು. ಉಳಿದದ್ದು ಉಯಿಲು. ಠೇವಣಿಗೆ ನಾಮಿನಿ ಹಾಕಿದರೆ ಸಾಕು ಅಂದುಕೊಳ್ಳುವವರು ಬಹಳ. ನಾಮಿನಿ ಆದವರು ಹಣ ಪಡೆದುಕೊಳ್ಳಬಹುದು, ಅದು ಅವರದ್ದೇ ಆಗುತ್ತೆ ಅಂತೇನಿಲ್ಲ. ಹಾಗಾಗಿ ಬಾಂಡು, ಠೇವಣಿ ಎರಡೂ ನನ್ನ ನಂತರ ಹೆಂಡತಿಗೆ, ಅವಳ ನಂತರ ಉಳಿದದ್ದು ಮಗನಿಗೆ ಅಂತ ಬರೆಸಿ ನೋಂದಣಿ ಮಾಡಿಸಿದೆ. ಆ ಕರಡನ್ನು ಬರೆದದ್ದು ಮಗಳೇ.