ಗೇಮ್ ಶಾಪ್‌ನ ಆರ್‌ಪಿಜಿ ಟೇಬಲ್‌ಗೆ ಮೊದಲ ಸಲ ಹೋಗುವವರಿಗೆ

ಆರ್‌ಪಿಜಿ ಅಂದರೆ ರೋಲ್‌ಪ್ಲೇಯಿಂಗ್ ಗೇಮ್, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಮಾತು ಮತ್ತು ದಾಳದ ಮೂಲಕ ಕಥೆ ಸಾಗಿಸುವ ಆಟ. ಇದನ್ನು ಆಡಬೇಕು ಅಂತ ಆಸೆ ಇದ್ದರೂ ಎಷ್ಟೋ ಜನ ಶುರು ಮಾಡುವುದೇ ಇಲ್ಲ. ಕಾರಣ ಹೆಚ್ಚಾಗಿ ಒಂದೇ, ಜೊತೆಗೆ ಆಡುವವರು ಸಿಗುವುದಿಲ್ಲ. ಗೆಳೆಯರಲ್ಲಿ ಒಬ್ಬರಿಗೆ ಇಷ್ಟ, ಇನ್ನೊಬ್ಬರಿಗೆ ಟೈಮ್ ಇಲ್ಲ, ಆಟ ನಡೆಸಿಕೊಡುವ ಗೇಮ್ ಮಾಸ್ಟರ್ ಅಂತೂ ಯಾರೂ ಇಲ್ಲ. ಆರ್ಗನೈಸ್ಡ್ ಪ್ಲೇ ಇರುವುದೇ ಇಂಥವರಿಗಾಗಿ. ಗೇಮ್ ಶಾಪ್‌ನಲ್ಲಿ ನಿಗದಿಯಾದ ದಿನ ಟೇಬಲ್ ಹಾಕಿರುತ್ತಾರೆ, ಆಟ ನಡೆಸುವವರು ಸಿದ್ಧವಾಗಿರುತ್ತಾರೆ, ನೀವು ಹೋಗಿ ಕೂತರೆ ಸಾಕು.

ಎಲ್ಲ ಕಡೆಯೂ ಒಂದೇ ನಿಯಮ ಇರುವುದರಿಂದ ಇದು ಸಾಧ್ಯ. ಕ್ಯಾರೆಕ್ಟರ್ (ನೀವು ಆಡುವ ಪಾತ್ರ) ಮಾಡುವ ರೀತಿ, ಬಹುಮಾನ ಹಂಚುವ ರೀತಿ, ಲೆವೆಲ್ (ಆ ಪಾತ್ರದ ಬಲದ ಹಂತ) ಏರುವ ರೀತಿ ಎಲ್ಲವೂ ಮೊದಲೇ ಬರೆದಿಟ್ಟದ್ದು. ಹಾಗಾಗಿ ಇವತ್ತು ಈ ಶಾಪ್‌ನಲ್ಲಿ ಆಡಿದ ಕ್ಯಾರೆಕ್ಟರನ್ನು ಮುಂದಿನ ತಿಂಗಳು ಬೇರೆ ಊರಿನ ಟೇಬಲ್‌ಗೆ ಒಯ್ದರೂ ಅಲ್ಲಿ ಒಪ್ಪುತ್ತಾರೆ. ಈ ಯೋಚನೆ ಹೊಸದಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನುವ ಆರ್‌ಪಿಜಿ ಹೊರಬಂದದ್ದು 1974ರಲ್ಲಿ. 1980ರ ಹೊತ್ತಿಗೇ ಅದನ್ನು ಪ್ರಕಟಿಸುತ್ತಿದ್ದ ಟಿಎಸ್‌ಆರ್ ಕಂಪನಿ ಆಟಗಾರರಿಗಾಗಿ ಆರ್‌ಪಿಜಿಎ ಅನ್ನುವ ಸಂಘವನ್ನು ಶುರು ಮಾಡಿತ್ತು.

ಈಗ ಶಾಪ್‌ಗಳಲ್ಲಿ ಆರ್ಗನೈಸ್ಡ್ ಪ್ಲೇ ಅಂದರೆ ಹೆಚ್ಚಾಗಿ ಕೇಳಿಬರುವ ಹೆಸರು ಎರಡು. ಒಂದು, ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಅಡ್ವೆಂಚರರ್ಸ್ ಲೀಗ್, 2014ರಲ್ಲಿ ಶುರುವಾದದ್ದು. ಇನ್ನೊಂದು, ಪೈಜೊ ಕಂಪನಿಯ ಪಾತ್‌ಫೈಂಡರ್ ಅನ್ನುವ ಆರ್‌ಪಿಜಿಯ ಪಾತ್‌ಫೈಂಡರ್ ಸೊಸೈಟಿ, ಇದು 2008ರದ್ದು. ಯಾವುದು ಒಳ್ಳೆಯದು ಅಂತ ತಲೆ ಕೆಡಿಸಿಕೊಳ್ಳಬೇಡಿ. ನಿಮಗೆ ಹತ್ತಿರದಲ್ಲಿ, ನಿಮಗೆ ಬಿಡುವಿರುವ ದಿನ ಯಾವುದು ನಡೆಯುತ್ತದೋ ಅದೇ ನಿಮಗೆ ಒಳ್ಳೆಯದು. ಎರಡೂ ಇದ್ದರೆ ಮಾತ್ರ ಆಯ್ಕೆಯ ಪ್ರಶ್ನೆ. ಪಾತ್‌ಫೈಂಡರ್‌ನಲ್ಲಿ ನಿಯಮ ಜಾಸ್ತಿ, ಕ್ಯಾರೆಕ್ಟರ್ ಕಟ್ಟುವಾಗ ಆಯ್ಕೆಗಳೂ ಜಾಸ್ತಿ, ಲೆಕ್ಕಾಚಾರ ಇಷ್ಟಪಡುವವರಿಗೆ ಅದು ಹಿಡಿಸುತ್ತದೆ. ಬೇಗ ಕಲಿತು ಬೇಗ ಆಟಕ್ಕೆ ಇಳಿಯಬೇಕು ಅನ್ನುವವರಿಗೆ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಸುಲಭ.

ಟೇಬಲ್ ಹುಡುಕುವುದು

ಮೊದಲು ಶಾಪ್‌ಗೇ ಫೋನ್ ಮಾಡಿ. ಇವೆಂಟ್ ಕ್ಯಾಲೆಂಡರ್‌ನಲ್ಲಿ ಏನೇ ಬರೆದಿರಲಿ, ಈ ವಾರ ಟೇಬಲ್ ನಿಜವಾಗಿ ನಡೆಯುತ್ತದೆಯೇ, ಸೀಟು ಖಾಲಿ ಇದೆಯೇ, ಹೊಸಬರು ಬರಬಹುದೇ, ಈ ಮೂರನ್ನೂ ಕೇಳಿಕೊಳ್ಳಿ. ಎಷ್ಟೋ ಗುಂಪುಗಳು ಸೀಟು ಹಂಚುವುದಕ್ಕೆ ವಾರ್‌ಹಾರ್ನ್ ಅನ್ನುವ ಸೈಟ್ ಬಳಸುತ್ತವೆ, ಕೆಲವು ಡಿಸ್ಕಾರ್ಡ್ ಅನ್ನುವ ಚಾಟ್ ಆ್ಯಪ್‌ನಲ್ಲೇ ಮುಗಿಸುತ್ತವೆ. ಯಾವುದೇ ಆಗಲಿ, ಹೆಸರು ಬರೆಸಿದ ಮೇಲೆ ಹೋಗಿ. ಹೋಗಲು ಆಗದಿದ್ದರೆ ಮೊದಲೇ ಹೆಸರು ತೆಗೆಸಿ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಒಂದು ಟೇಬಲ್ ನಡೆಯಲು ಕನಿಷ್ಠ ಇಷ್ಟು ಜನ ಬೇಕು ಅಂತ ಇರುತ್ತದೆ. ಹೇಳದೆ ಕೇಳದೆ ಇಬ್ಬರು ಬಾರದಿದ್ದರೆ ಬಂದ ಉಳಿದವರೆಲ್ಲ ವಾಪಸ್ ಹೋಗಬೇಕಾಗುತ್ತದೆ. ಗೇಮ್ ಮಾಸ್ಟರ್ ಆ ದಿನದ ಆಟಕ್ಕೆ ಗಂಟೆಗಟ್ಟಲೆ ತಯಾರಿ ಮಾಡಿಕೊಂಡು ಬಂದಿರುತ್ತಾರೆ, ಅದೂ ಹೆಚ್ಚಿನ ಕಡೆ ಸಂಬಳವಿಲ್ಲದೆ.

ಸಮಯದ ಅಂದಾಜೂ ಇರಲಿ. ಸಾಮಾನ್ಯವಾಗಿ ಒಂದು ಅಡ್ವೆಂಚರ್, ಅಂದರೆ ಆ ದಿನ ಆಡುವ ಕಥೆ, ಮುಗಿಯಲು ನಾಲ್ಕು ಗಂಟೆ ಹಿಡಿಯುತ್ತದೆ, ಪಾತ್‌ಫೈಂಡರ್‌ನಲ್ಲಿ ಐದಾದರೂ ಆಗಬಹುದು. ಅಷ್ಟು ಹೊತ್ತು ಕೂರುವ ಧೈರ್ಯ ಇಲ್ಲದಿದ್ದರೆ ಚಿಕ್ಕದು ಏನಾದರೂ ಇದೆಯಾ ಅಂತ ಕೇಳಿ. ಪಾತ್‌ಫೈಂಡರ್‌ನಲ್ಲಿ ಬೌಂಟಿ ಅಂತ ಇದೆ, ಸುಮಾರು ಒಂದು ಗಂಟೆಯಲ್ಲಿ ಮುಗಿಯುತ್ತದೆ, ರುಚಿ ನೋಡಲು ಅದು ಚೆನ್ನಾಗಿದೆ.

ಕ್ಯಾರೆಕ್ಟರ್

ಮೊದಲ ದಿನ ನಿಮ್ಮದೇ ಕ್ಯಾರೆಕ್ಟರ್ ಮಾಡಿಕೊಂಡು ಹೋಗಬೇಡಿ. ಪ್ರೀಜನ್ ಕೇಳಿ. ಪ್ರೀಜನ್ ಅಂದರೆ ಮೊದಲೇ ಸಿದ್ಧಪಡಿಸಿಟ್ಟ ಕ್ಯಾರೆಕ್ಟರ್, ಶೀಟ್ ಸಮೇತ ಸಿಗುತ್ತದೆ. ಸಂಘಟಕರ ಹತ್ತಿರ ಸಾಮಾನ್ಯವಾಗಿ ಇರುತ್ತವೆ, ಆದರೂ ಫೋನ್ ಮಾಡಿದಾಗಲೇ ಒಂದು ಮಾತು ಹೇಳಿಬಿಡಿ. ಎಷ್ಟೋ ಹೊಸಬರು ದಪ್ಪ ರೂಲ್ಸ್ ಪುಸ್ತಕ ಓದಿ, ನಾಲ್ಕು ಪುಟದ ಪೂರ್ವಕಥೆ ಬರೆದು, ರಾಜವಂಶದ ಸೇಡು ತೀರಿಸಿಕೊಳ್ಳಬೇಕಾದ ವೀರನನ್ನು ಕಟ್ಟಿಕೊಂಡು ಬರುತ್ತಾರೆ. ಆ ದಿನದ ಅಡ್ವೆಂಚರ್‌ನಲ್ಲಿ ಆ ರಾಜವಂಶಕ್ಕೆ ಜಾಗವೇ ಇರುವುದಿಲ್ಲ. ಕಥೆ ಅಚ್ಚಾಗಿ ಬಂದದ್ದು, ನಾಲ್ಕು ಗಂಟೆಯಲ್ಲಿ ಮುಗಿಯಬೇಕಾದದ್ದು. ಪಾಪ, ಅಷ್ಟು ಕಷ್ಟಪಟ್ಟದ್ದು ಹೊರಗೇ ಬರದೆ ಬೇಸರವಾಗುತ್ತದೆ. ಆಟ ಹೇಗೆ ಸಾಗುತ್ತದೆ ಅಂತ ಒಂದು ಸಲ ನೋಡಿದ ಮೇಲೆ ಕಟ್ಟುವ ಕ್ಯಾರೆಕ್ಟರ್ ತಾನಾಗಿಯೇ ಚೆನ್ನಾಗಿರುತ್ತದೆ.

ಪ್ರೀಜನ್‌ಗಳಲ್ಲಿ ಯಾವುದನ್ನು ತೆಗೆದುಕೊಳ್ಳುವುದು? ನನ್ನ ಅಭಿಪ್ರಾಯದಲ್ಲಿ ಫೈಟರ್ (ಆಯುಧ ಹಿಡಿದು ಕಾದುವವರು) ಅಥವಾ ರೋಗ್ (ಮರೆಯಲ್ಲಿ ನುಸುಳುವ ಚತುರರು). ಮಂತ್ರ ಹಾಕುವವರ ಶೀಟ್‌ನಲ್ಲಿ ಓದಬೇಕಾದದ್ದು ತುಂಬಾ ಇರುತ್ತದೆ, ನಿಮ್ಮ ಸರದಿ ಬಂದಾಗ ಅದನ್ನೇ ಹುಡುಕುತ್ತಾ ಕೂರಬೇಕಾಗುತ್ತದೆ. ಆದರೆ ಮಂತ್ರ ಹಾಕುವ ವಿಝಾರ್ಡ್ ಮೇಲೆಯೇ ಮನಸ್ಸು ಇದ್ದರೆ ಅದನ್ನೇ ತೆಗೆದುಕೊಳ್ಳಿ, ಇಷ್ಟವಿಲ್ಲದ್ದನ್ನು ಆಡುವುದಕ್ಕಿಂತ ಅದು ಮೇಲು.

ಎರಡನೆಯ ಸಲಕ್ಕೆ ಸ್ವಂತದ್ದು ಮಾಡಿ. ಇಲ್ಲಿ ಒಂದು ವಿಷಯ ಗಮನಿಸಬೇಕು. ಮನೆಯಲ್ಲಿ ಗೆಳೆಯರ ಜೊತೆ ಆಡುವಾಗ ದಾಳ ಉರುಳಿಸಿ ಕ್ಯಾರೆಕ್ಟರ್‌ನ ಬಲ, ಚುರುಕು, ಬುದ್ಧಿ ಮುಂತಾದ ಸಾಮರ್ಥ್ಯದ ಅಂಕಗಳನ್ನು ತೆಗೆಯುವುದು ಉಂಟು, ಆರ್ಗನೈಸ್ಡ್ ಪ್ಲೇಯಲ್ಲಿ ಹಾಗಿಲ್ಲ. ಅಡ್ವೆಂಚರರ್ಸ್ ಲೀಗ್‌ನಲ್ಲಿ 15, 14, 13, 12, 10, 8 ಈ ಆರು ಅಂಕಗಳನ್ನು ನಿಮಗೆ ಬೇಕಾದಂತೆ ಹಂಚಿಕೊಳ್ಳಬಹುದು, ಇಲ್ಲವಾದರೆ 27 ಪಾಯಿಂಟ್ ಖರ್ಚು ಮಾಡಿ ಕೊಂಡುಕೊಳ್ಳಬಹುದು. ಮನೆಯಲ್ಲಿ ಹದಿನೆಂಟು ಬಿತ್ತು ಅಂದರೆ ಇಲ್ಲಿ ಯಾರೂ ಒಪ್ಪುವುದಿಲ್ಲ. ಅಪರಿಚಿತರು ಒಂದೇ ಟೇಬಲ್‌ನಲ್ಲಿ ಕೂರುವಾಗ ಎಲ್ಲರೂ ಒಂದೇ ಗೆರೆಯಿಂದ ಶುರು ಮಾಡಬೇಕಲ್ವಾ?

ಪಾತ್‌ಫೈಂಡರ್ ಸೊಸೈಟಿಗಾದರೆ ಪೈಜೊ ಸೈಟ್‌ನಲ್ಲಿ ಉಚಿತವಾಗಿ ನೋಂದಾಯಿಸಿಕೊಂಡು ಒಂದು ಆರ್ಗನೈಸ್ಡ್ ಪ್ಲೇ ನಂಬರ್ ಪಡೆಯಬೇಕು. ನೀವು ಆಡಿದ್ದೆಲ್ಲ ಆ ನಂಬರಿನ ಮೇಲೆ ದಾಖಲಾಗುತ್ತದೆ.

ಮಾಡಿದ ಕ್ಯಾರೆಕ್ಟರ್ ಹಿಡಿಸಲಿಲ್ಲ ಅಂದರೆ ಹೆದರಬೇಡಿ. ಎರಡೂ ಕಡೆ ಶುರುವಿನಲ್ಲಿ ಬದಲಾಯಿಸಿಕೊಳ್ಳಲು ಅವಕಾಶವಿದೆ.

ರೂಲ್ಸ್‌ಗೆ ಹಣ ಹಾಕುವ ಅವಸರವೂ ಬೇಡ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಮೂಲ ನಿಯಮಗಳು ಉಚಿತವಾಗಿ ಸಿಗುತ್ತವೆ. ಪಾತ್‌ಫೈಂಡರ್‌ನ ನಿಯಮಗಳು ಆರ್ಕೈವ್ಸ್ ಆಫ್ ನೆಥಿಸ್ ಅನ್ನುವ ಸೈಟ್‌ನಲ್ಲಿ ಇವೆ, ಅದೂ ಉಚಿತ.

ಏನು ಒಯ್ಯಬೇಕು

ಪೆನ್ಸಿಲ್, ರಬ್ಬರ್, ಒಂದು ಖಾಲಿ ಹಾಳೆ, ಒಂದು ಸೆಟ್ ದಾಳ. ಸೆಟ್‌ನಲ್ಲಿ ಏಳು ದಾಳ ಇರುತ್ತವೆ: ನಾಲ್ಕು, ಆರು, ಎಂಟು, ಹನ್ನೆರಡು, ಇಪ್ಪತ್ತು ಮುಖದ್ದು ಒಂದೊಂದು, ಹತ್ತು ಮುಖದ್ದು ಎರಡು. ಎಲ್ಲದಕ್ಕಿಂತ ಹೆಚ್ಚು ಉರುಳುವುದು ಇಪ್ಪತ್ತು ಮುಖದ ದಾಳ, ಎಲ್ಲರೂ ಅದನ್ನು ಡಿ20 ಅನ್ನುತ್ತಾರೆ. ದಾಳ ಇಲ್ಲದಿದ್ದರೂ ಪಕ್ಕದವರು ಕೊಡುತ್ತಾರೆ. ಮಿನಿಯೇಚರ್ ಗೊಂಬೆ ಮೊದಲ ದಿನಕ್ಕೆ ಬೇಡ. ನೀರಿನ ಬಾಟಲಿ ಬೇಕು, ಮಾತಾಡಿ ಮಾತಾಡಿ ಗಂಟಲು ಒಣಗುತ್ತದೆ. ಟೇಬಲ್‌ಗೆ ಶುಲ್ಕ ಇದೆಯೇ ಅಂತ ಮೊದಲೇ ಕೇಳಿ. ಇಲ್ಲದಿದ್ದರೂ ಶಾಪ್‌ನಲ್ಲಿ ಏನಾದರೂ ಕೊಂಡುಕೊಳ್ಳಿ, ದಾಳವನ್ನೇ ಅಲ್ಲಿ ಕೊಳ್ಳಬಹುದು. ಅಷ್ಟು ಜಾಗವನ್ನು ಅಷ್ಟು ಹೊತ್ತು ಆಟಕ್ಕೆ ಬಿಟ್ಟುಕೊಡುವ ಅಂಗಡಿ ಉಳಿಯಬೇಕು.

ಟೇಬಲ್‌ನಲ್ಲಿ

ಹದಿನೈದು ನಿಮಿಷ ಮೊದಲೇ ತಲುಪಿ. ಗೇಮ್ ಮಾಸ್ಟರ್‌ಗೆ "ನಾನು ಹೊಸಬ" ಅಥವಾ "ಹೊಸಬಳು" ಅಂತ ನೇರವಾಗಿ ಹೇಳಿ. ಮುಚ್ಚಿಟ್ಟರೆ ಕಷ್ಟ ನಿಮಗೇ, ಹೇಳಿದರೆ ಟೇಬಲ್ ಪೂರ್ತಿ ನಿಮ್ಮ ನೆರವಿಗೆ ಬರುತ್ತದೆ. ಸಿಕ್ಕ ಹದಿನೈದು ನಿಮಿಷದಲ್ಲಿ ನಿಮ್ಮ ಶೀಟ್‌ನಲ್ಲಿ ನಾಲ್ಕು ಸಂಖ್ಯೆ ಎಲ್ಲಿವೆ ಅಂತ ನೋಡಿಕೊಳ್ಳಿ: ನಿಮಗೆ ಪೆಟ್ಟು ತಾಗಲು ಎದುರಾಳಿಗೆ ಎಷ್ಟು ಬೀಳಬೇಕು (ಆರ್ಮರ್ ಕ್ಲಾಸ್), ಎಷ್ಟು ಪೆಟ್ಟು ತಡೆಯಬಲ್ಲಿರಿ (ಹಿಟ್ ಪಾಯಿಂಟ್), ಹೊಡೆಯುವಾಗ ದಾಳಕ್ಕೆ ಎಷ್ಟು ಕೂಡಿಸಬೇಕು, ಒಂದು ಸರದಿಯಲ್ಲಿ ಎಷ್ಟು ದೂರ ನಡೆಯಬಲ್ಲಿರಿ. ಉಳಿದದ್ದು ಆಡುತ್ತಾ ಬರುತ್ತದೆ.

ಆಟದ ಬೆನ್ನೆಲುಬು ತೀರಾ ಸರಳ. ಗೇಮ್ ಮಾಸ್ಟರ್ ಸನ್ನಿವೇಶ ಹೇಳುತ್ತಾರೆ, ನೀವು ಏನು ಮಾಡುತ್ತೀರಿ ಅಂತ ಹೇಳುತ್ತೀರಿ. ಆಗುತ್ತೋ ಇಲ್ಲವೋ ಅನ್ನುವ ಅನುಮಾನ ಇದ್ದಾಗ ಡಿ20 ಉರುಳಿಸಿ, ಶೀಟ್‌ನಲ್ಲಿರುವ ಸಂಖ್ಯೆ ಕೂಡಿಸಿ, ಬಂದ ಮೊತ್ತ ಬೇಕಾದಷ್ಟಿದ್ದರೆ ಕೆಲಸ ಆಯಿತು. ನಿಯಮದ ಹೆಸರು ಗೊತ್ತಿರಬೇಕಾಗಿಲ್ಲ. "ಮೇಜನ್ನು ಉರುಳಿಸಿ ಅದರ ಹಿಂದೆ ಅವಿತುಕೊಳ್ಳುತ್ತೇನೆ" ಅಂತ ಸಾದಾ ಮಾತಿನಲ್ಲಿ ಹೇಳಿ, ಯಾವ ದಾಳ ಹಾಕಬೇಕು ಅಂತ ಅವರೇ ಹೇಳುತ್ತಾರೆ. ಧ್ವನಿ ಬದಲಿಸಿ ನಟಿಸುವವರನ್ನು ನೋಡಿ ಹಿಂಜರಿಯಬೇಡಿ. "ನನ್ನ ಕ್ಯಾರೆಕ್ಟರ್ ಕಾವಲುಗಾರನನ್ನು ನಯವಾಗಿ ಕೇಳುತ್ತಾಳೆ" ಅಂದರೂ ಅದು ಪೂರ್ತಿ ರೋಲ್‌ಪ್ಲೇಯೇ.

ಹೊಸಬರಿಗೆ ನಾನು ಮುಖ್ಯವಾಗಿ ಹೇಳುವುದು ಇದು: ನಿಮ್ಮ ಸರದಿ ಅಲ್ಲದಾಗಲೂ ಆಟದಲ್ಲಿರಿ. ಐದಾರು ಜನರ ಟೇಬಲ್‌ನಲ್ಲಿ ಬಹುಪಾಲು ಸಮಯ ಬೇರೆಯವರ ಸರದಿಯೇ. ಆಗ ಫೋನ್ ನೋಡುತ್ತಾ ಕೂತರೆ ನಿಮ್ಮ ಸರದಿ ಬಂದಾಗ "ಏನಾಯ್ತು ಈಗ?" ಅಂತ ಕೇಳಬೇಕಾಗುತ್ತದೆ, ಆಟ ನಿಲ್ಲುತ್ತದೆ, ಎಲ್ಲರಿಗೂ ಸುಸ್ತು. ಬದಲಿಗೆ ಬೇರೆಯವರು ಏನು ಮಾಡಲು ನೋಡುತ್ತಿದ್ದಾರೆ ಅಂತ ಗಮನಿಸಿ. ಯಾರೋ ಒಬ್ಬರು ಬಾಗಿಲ ಹತ್ತಿರ ಹೋಗಲು ಒದ್ದಾಡುತ್ತಿದ್ದರೆ ನೀವು ಅಡ್ಡ ಬಂದ ಕಾವಲುಗಾರನನ್ನು ತಡೆಯಿರಿ. ಸುಮ್ಮನೆ ಕೂತವರು ಇದ್ದರೆ "ನಿನ್ನ ಕ್ಯಾರೆಕ್ಟರ್‌ಗೆ ಏನನ್ನಿಸುತ್ತೆ?" ಅಂತ ಕೇಳಿ. ರೂಲ್ಸ್ ಅರೆಬರೆ ಗೊತ್ತಿದ್ದರೂ ಇಷ್ಟು ಮಾಡುವ ಆಟಗಾರರನ್ನು ಮತ್ತೆ ಮತ್ತೆ ಕರೆಯುತ್ತಾರೆ. ಎಲ್ಲ ನಿಯಮ ಬಾಯಿಪಾಠ ಇದ್ದು ಬೇರೆಯವರ ಮಾತಿನ ಮೇಲೆ ಮಾತಾಡುವವರ ಪಕ್ಕ ಕೂರಲು ಯಾರಿಗೂ ಇಷ್ಟವಿಲ್ಲ.

ಮಾಡಬಾರದ್ದು ಒಂದಿದೆ. ಜೊತೆಯವರ ಕ್ಯಾರೆಕ್ಟರ್ ಮೇಲೆ ಕೈ ಮಾಡುವುದು, ಅವರ ಸಾಮಾನು ಕದಿಯುವುದು, ಆಮೇಲೆ "ನನ್ನ ಕ್ಯಾರೆಕ್ಟರ್ ಇರುವುದೇ ಹಾಗೆ" ಅನ್ನುವುದು. ಆ ಕ್ಯಾರೆಕ್ಟರ್ ಮಾಡಿದ್ದು ನೀವೇ ತಾನೆ? ಅಪರಿಚಿತರ ಟೇಬಲ್‌ಗೆ ಜೊತೆಯಾಗಿ ಕೆಲಸ ಮಾಡುವ ಕ್ಯಾರೆಕ್ಟರನ್ನೇ ತನ್ನಿ.

ಎಷ್ಟೋ ಟೇಬಲ್‌ಗಳಲ್ಲಿ ನಡುವೆ ಎಕ್ಸ್ ಅಂತ ಬರೆದ ಒಂದು ಕಾರ್ಡ್ ಇಟ್ಟಿರುತ್ತಾರೆ. ಕಥೆ ನಿಮಗೆ ನಿಜವಾಗಿ ಕಷ್ಟವಾಗುವ ಕಡೆ ಹೊರಟರೆ ಅದನ್ನು ಮುಟ್ಟಿದರೆ ಸಾಕು, ಕಾರಣ ಹೇಳಬೇಕಾಗಿಲ್ಲ, ಆ ಭಾಗ ಬಿಟ್ಟು ಮುಂದೆ ಹೋಗುತ್ತಾರೆ. ಕಾರ್ಡ್ ಇಲ್ಲದಿದ್ದರೆ ಬಾಯಿಬಿಟ್ಟು ಹೇಳಿ. ಯಾರಾದರೂ ನಿಮ್ಮ ಜೊತೆ ಕೆಟ್ಟದಾಗಿ ನಡೆದುಕೊಂಡರೆ ಗೇಮ್ ಮಾಸ್ಟರ್‌ಗೆ, ಅಲ್ಲಿಗೂ ಆಗದಿದ್ದರೆ ಸಂಘಟಕರಿಗೆ ಅಥವಾ ಶಾಪ್‌ನವರಿಗೆ ತಿಳಿಸಿ. ಎದ್ದು ಹೋಗುವ ಹಕ್ಕು ಯಾವಾಗಲೂ ನಿಮಗಿದೆ. ಒಂದು ಟೇಬಲ್ ಹಿಡಿಸಲಿಲ್ಲ ಅಂತ ಆಟವನ್ನೇ ಬಿಡಬೇಡಿ, ಗೇಮ್ ಮಾಸ್ಟರ್ ಬದಲಾದರೆ ಅದೇ ಆಟ ಬೇರೆಯೇ ಆಗಿ ಕಾಣುತ್ತದೆ.

ಆಟ ಮುಗಿದ ಮೇಲೆ

ಎದ್ದು ಓಡುವ ಮೊದಲು ಕಾಗದ ಪತ್ರ ಮುಗಿಸಿ. ಅಡ್ವೆಂಚರರ್ಸ್ ಲೀಗ್‌ನಲ್ಲಿ ಲಾಗ್‌ಶೀಟ್ ನೀವೇ ಬರೆದುಕೊಳ್ಳಬೇಕು: ಅಡ್ವೆಂಚರ್ ಹೆಸರು, ತಾರೀಖು, ಸಿಕ್ಕ ಚಿನ್ನ, ಸಿಕ್ಕ ಮಾಯಾವಸ್ತು. ಪಾತ್‌ಫೈಂಡರ್‌ನಲ್ಲಿ ಗೇಮ್ ಮಾಸ್ಟರ್ ಕ್ರಾನಿಕಲ್ ಅನ್ನುವ ಹಾಳೆ ಕೊಡುತ್ತಾರೆ. ಅಲ್ಲಿ ಸಾಮಾನ್ಯವಾಗಿ ಒಂದು ಸಿನಾರಿಯೊಗೆ (ಅಡ್ವೆಂಚರ್‌ಗೆ ಅಲ್ಲಿನ ಹೆಸರು) 4 ಎಕ್ಸ್‌ಪಿ, ಅಂದರೆ ಅನುಭವದ ಅಂಕ, ಲೆವೆಲ್ ಏರಲು 12, ಅಂದರೆ ಮೂರು ಆಟಕ್ಕೆ ಒಂದು ಲೆವೆಲ್. ಪ್ರೀಜನ್ ಆಡಿದರೂ ಆ ಫಲವನ್ನು ನಿಮ್ಮ ಸ್ವಂತ ಕ್ಯಾರೆಕ್ಟರ್‌ಗೆ ಹಾಕಿಕೊಳ್ಳಬಹುದು, ಹಾಗಾಗಿ ಮೊದಲ ದಿನದ ಹಾಳೆಯನ್ನೂ ಜೋಪಾನ ಮಾಡಿ. ಒಂದು ಫೈಲ್‌ನಲ್ಲಿ ಹಾಕಿಡಿ, ಫೋನ್‌ನಲ್ಲಿ ಫೋಟೊ ಕೂಡ ತೆಗೆದುಕೊಳ್ಳಿ.

ಮುಂದಿನ ಸಲ ಹೆಸರು ಬರೆಸುವಾಗ ಲೆವೆಲ್ ನೋಡಿಕೊಳ್ಳಿ. ಅಡ್ವೆಂಚರರ್ಸ್ ಲೀಗ್‌ನಲ್ಲಿ ಲೆವೆಲ್‌ಗಳನ್ನು ಟಿಯರ್ ಅನ್ನುವ ಗುಂಪುಗಳಾಗಿ ವಿಂಗಡಿಸಿದ್ದಾರೆ: 1ರಿಂದ 4ರವರೆಗೆ ಮೊದಲ ಟಿಯರ್, 5ರಿಂದ 10 ಎರಡನೆಯದು, 11ರಿಂದ 16 ಮೂರನೆಯದು, 17ರಿಂದ 20 ಕೊನೆಯದು. ಎರಡನೇ ಲೆವೆಲ್‌ನ ಕ್ಯಾರೆಕ್ಟರ್ ಹಿಡಿದು ಮೂರನೇ ಟಿಯರ್‌ನ ಟೇಬಲ್‌ನಲ್ಲಿ ಕೂರಲು ಬಿಡುವುದಿಲ್ಲ. ಮೊದಲೇ ಆಡಿದ ಅಡ್ವೆಂಚರ್ ಆಗಿದ್ದರೆ ಅದನ್ನೂ ಗೇಮ್ ಮಾಸ್ಟರ್‌ಗೆ ತಿಳಿಸಿ, ಒಗಟಿನ ಉತ್ತರ ಬಾಯಿಬಿಡಬೇಡಿ.

ಕೆಲವು ಸಲ ಆಡಿದ ಮೇಲೆ ನಡೆಸುವ ಆಸೆ ಬಂದರೆ ತಡ ಮಾಡಬೇಡಿ. ಹೆಚ್ಚಿನ ಕಡೆ ಆಟಗಾರರಿಗಿಂತ ಗೇಮ್ ಮಾಸ್ಟರ್‌ಗಳಿಗೇ ಕೊರತೆ. ನಿಮಗೆ ಚೆನ್ನಾಗಿ ನೆನಪಿರುವ, ನೀವೇ ಆಡಿದ ಒಂದು ಚಿಕ್ಕ ಅಡ್ವೆಂಚರ್ ಆರಿಸಿ, ಎರಡು ಸಲ ಓದಿ, ಸಂಘಟಕರಿಗೆ ತಿಳಿಸಿ. ಪಾತ್‌ಫೈಂಡರ್ ಸೊಸೈಟಿಯಲ್ಲಿ ನಡೆಸಿಕೊಟ್ಟವರ ಕ್ಯಾರೆಕ್ಟರ್‌ಗೂ ಫಲ ಸಿಗುತ್ತದೆ, ಜೊತೆಗೆ ಮೊದಲ ಸಲ ನಡೆಸುವಾಗ ಒಬ್ಬ ಅನುಭವಿಯನ್ನು ಆಟಗಾರರಾಗಿ ನಿಮ್ಮ ಟೇಬಲ್‌ನಲ್ಲೇ ಕೂರಿಸಿ ಅಂತ ಕೇಳಿದರೆ ಯಾವ ಸಂಘಟಕರೂ ಬೇಡ ಅನ್ನುವುದಿಲ್ಲ.